ಐದನೇ ಡಬ್ಬಿ

ಜನವರಿ ೯

ಅಧಿಕಪ್ರಸಂಗಿ ಸೊಸೆಗೆ,

ಸಿನಿಮಾವನ್ನು ಕತ್ತಲಲ್ಲಿ ತೋರಿಸಬೇಕು ಅಂತ ಪ್ರಪಂಚಕ್ಕೆ ಹೇಳಿಕೊಟ್ಟವನು ನಿನ್ನ ಸೋದರಮಾವ. ನನಗಿಂತ ಮುಂಚೆ ಎಲ್ಲರೂ ಬೆಳಕಲ್ಲೇ ತೋರಿಸುತ್ತಿದ್ದರು, ಜನ ಪರದೆ ಬಿಟ್ಟು ಪಕ್ಕದವರ ಚಪ್ಪಲಿ ನೋಡಿಕೊಂಡು ಕೂತಿರುತ್ತಿದ್ದರು. ಒಂದು ದಿನ ನಾನು ಹೋಗಿ ದೀಪ ಆರಿಸಿದೆ. ಆಮೇಲೆ ಎಲ್ಲ ದೇಶದವರೂ ನನ್ನನ್ನೇ ನಕಲು ಹೊಡೆದರು. ಇದನ್ನು ನಿನ್ನ ಲೇಖನದ ಮೊದಲ ಸಾಲಾಗಿ ಹಾಕಿಕೋ. ನನ್ನ ಹೆಸರು ಬೇಡ, ನನಗೆ ಜಂಬ ಆಗಿಬರಲ್ಲ.

ನಿನ್ನ ಕಾಗದ ಬಂತು. ಮೂವತ್ತೊಂದು ವರ್ಷದ ಹಿಂದೆ ನಮ್ಮೂರಲ್ಲಿ ಒಂದೇ ಒಂದು ಸಲ ನಡೆದ ಚಿತ್ರೋತ್ಸವದ ಸ್ಪರ್ಧೆಯಲ್ಲಿದ್ದ ಒಂಬತ್ತು ಚಿತ್ರಗಳನ್ನು ಈಗ ಮತ್ತೆ ನೋಡಿ, ಒಂದರಿಂದ ಒಂಬತ್ತರ ತನಕ ಸಾಲಿಗೆ ನಿಲ್ಲಿಸು ಅಂತ ಪತ್ರಿಕೆಯವರು ನಿನ್ನನ್ನು ಕೇಳಿದ್ದಾರೆ, ಸರಿ. ಒಂಬತ್ತೂ ನೀನು ಕೆಲಸ ಮಾಡುವ ಸಂಗ್ರಹಾಲಯದ ಕಪಾಟಿನಲ್ಲೇ ಸಿಕ್ಕಿವೆ, ಅದೂ ಸರಿ. ಆದರೆ ಅವನ್ನು ಓಡಿಸಿದ ಆಪರೇಟರ್ ಇನ್ನೂ ಉಸಿರಾಡುತ್ತಿದ್ದಾನೆ ಅಂತ ನಿನಗೆ ಹೊಳೆದದ್ದು ಮೂರನೇ ವಾರಕ್ಕೆ! ಇರಲಿ. ಫೋನು ಮಾತ್ರ ಮಾಡಬೇಡ. ಇಪ್ಪತ್ತೆಂಟು ವರ್ಷ ಎರಡು ಮೆಷೀನಿನ ನಡುವೆ ನಿಂತ ಕಿವಿ ಇದು, ನೀನು "ಮಾವ" ಅಂದರೆ ನನಗೆ ಕಟಕಟ ಅಂತ ಕೇಳುತ್ತೆ. ಬರೆ. ನಾನು ನಾಲ್ಕನೇ ಕ್ಲಾಸನ್ನು ಎರಡು ಸಲ ಓದಿದವನು, ಲೆಕ್ಕಕ್ಕೆ ಎಂಟು ಆಯಿತು, ಉತ್ತರ ಬರೆಯುತ್ತೇನೆ.

ತೀರ್ಪುಗಾರರು ಐದು ಜನ ಇದ್ದರು, ಎಲ್ಲರಿಗೂ ಕನ್ನಡಕ. ಅವರು ಕಥೆ ನೋಡಿದರು, ನಟನೆ ನೋಡಿದರು, ಇನ್ನೂ ಏನೇನೋ ನೋಡಿದರು. ನಾನು ಕೆಮ್ಮು ನೋಡಿದೆ. ಕ್ಯಾಬಿನ್ನಿನ ಕಿಂಡಿಯಿಂದ ಹಾಲ್ ಪೂರ್ತಿ ಕಾಣುತ್ತದಲ್ಲ, ಕೆಮ್ಮುವವನ ತಲೆ ಮುಂದಕ್ಕೆ ಹೋಗಿ ಹಿಂದಕ್ಕೆ ಬರುತ್ತೆ. ಒಳ್ಳೆ ಸಿನಿಮಾದಲ್ಲಿ ತಲೆಗಳು ಅಲ್ಲಾಡಲ್ಲ. ಒಂಬತ್ತಕ್ಕೂ ಲೆಕ್ಕ ಬರೆದಿಟ್ಟಿದ್ದೇನೆ. ಆ ಡೈರಿ ಈಗಲೂ ಇದೆ, ಇಲಿ ಒಂದು ಮೂಲೆ ತಿಂದಿದೆ ಅಷ್ಟೇ.

ಹೆಸರುಗಳು ನನಗೆ ಓದಕ್ಕೆ ಬರುತ್ತಿರಲಿಲ್ಲ, ನಾನೇ ಇಟ್ಟುಕೊಂಡಿದ್ದೆ. ಮೊದಲನೆಯ ಸ್ಥಾನ ಕುಂಟ ಕುದುರೆಗೆ, ಅದರಲ್ಲಿ ಮಾತಿಲ್ಲ. ಎರಡೂಕಾಲು ಗಂಟೆಗೆ ಏಳೇ ಕೆಮ್ಮು, ಅದರಲ್ಲೂ ಮೂರು ಒಬ್ಬನದೇ. ಎರಡನೆಯದು ಉಪ್ಪಿನ ಗಣಿ. ಮೂರು, ಗಡಿಯಾರ ರಿಪೇರಿಯವ. ಅಲ್ಲಿಂದ ಮುಂದೆ ಅವಳಿಗಳು, ನಾಯಿ ಕಳೆದದ್ದು, ಮದುವೆ ಮುರಿದದ್ದು ಇವೆಲ್ಲ ನಿನಗೆ ಹೇಗೆ ಬೇಕೋ ಹಾಗೆ. ಏಳು, ರೈಲಿನಲ್ಲಿ ಎಲ್ಲರೂ ಅಳುವುದು. ಎಂಟು, ಹೆಂಗಸು ಬಟ್ಟೆ ಒಗೆಯುವುದು. ಅವಳು ಒಗೆದು ಮುಗಿಸುವಷ್ಟರಲ್ಲಿ ನಾನು ನಿಜವಾಗಿ ನನ್ನ ಅಂಗಿ ಒಗೆದು ಒಣಗಿಸಿದ್ದೆ. ಕಟ್ಟಕಡೆಗೆ ದೀಪಸ್ತಂಭ.

ಆ ಉತ್ಸವದಲ್ಲಿ ಕುಂಟ ಕುದುರೆಗೇ ಬಹುಮಾನ ಅಂತ ಪಂದ್ಯ ಕಟ್ಟಿ ನಾನು ಎರಡು ಲಕ್ಷ ಕಳೆದುಕೊಂಡೆ ಅಂತಲೂ ಬರೆ. ಆಗಿನ ಎರಡು ಲಕ್ಷ. ಒಂದು ಬೀದಿ ಬರುತ್ತಿತ್ತು.

ಕತ್ತಲೆಯ ಜನಕ,
ನಿನ್ನ ಮಾವ


ಜನವರಿ ೨೪

ಮಾವ,

ನಿನ್ನ ಕೆಮ್ಮಿನ ಲೆಕ್ಕ ಓದಿ ಆಫೀಸಿನಲ್ಲಿ ಒಬ್ಬಳೇ ನಕ್ಕೆ. ಆದರೆ ನಿನ್ನ ಸಾಲಿನಲ್ಲಿ ಒಂದು ತಮಾಷೆ ಇದೆ. ನೀನು ಒಂಬತ್ತನೆಯದಕ್ಕೆ ತಳ್ಳಿದ ದೀಪಸ್ತಂಭಕ್ಕೇ ಆವತ್ತು ಮೊದಲ ಬಹುಮಾನ ಬಂದದ್ದು. ತೀರ್ಪುಗಾರರ ಟಿಪ್ಪಣಿ ಕಡತದಲ್ಲಿ ಸಿಕ್ಕಿತು. "ಚಿತ್ರದ ನಡುವೆ ಬರುವ ಹತ್ತೊಂಬತ್ತು ನಿಮಿಷಗಳ ಮೌನ ನಾವು ಹಿಂದೆಂದೂ ಕಾಣದ ಧೈರ್ಯ" ಅಂತ ಬರೆದಿದ್ದಾರೆ. ವಿಚಿತ್ರ ಅಂದರೆ, ಆ ಚಿತ್ರವನ್ನು ಬೇರೆ ಊರುಗಳಲ್ಲಿ ನೋಡಿದವರು ಬರೆದದ್ದನ್ನೆಲ್ಲ ಹುಡುಕಿ ಓದಿದೆ. ಹತ್ತೊಂಬತ್ತು ನಿಮಿಷಗಳ ಮೌನದ ಬಗ್ಗೆ ಒಬ್ಬರೂ ಒಂದು ಸಾಲು ಬರೆದಿಲ್ಲ.

ಇನ್ನೊಂದು ಮಾತು. ಲೇಖನ ನನಗೆ ನೆಪ, ನಿನಗೂ ಗೊತ್ತಿರಬೇಕು. ಆ ಉತ್ಸವದ ಐದನೇ ದಿನ ಅಪ್ಪ ಕೊಡೆ ತೋಳಿಗೆ ನೇತುಹಾಕಿಕೊಂಡು ಮನೆಯಿಂದ ಹೋದವರು ಮತ್ತೆ ಬರಲಿಲ್ಲ. ನನಗೆ ಐದು ವರ್ಷ. ಅಮ್ಮ ಇಷ್ಟು ವರ್ಷಗಳಲ್ಲಿ ಹೇಳಿರುವುದು ಒಂದೇ ವಾಕ್ಯ: "ಒಂದು ಮಾತು ಹೇಳದೆ ಹೋದರು." ಆ ಹೇಳದೆ ಹೋದದ್ದನ್ನೇ ಅವಳು ಹೊಲಿಗೆ ಮೆಷೀನಿನ ಮುಂದೆ ಕೂತು ಮೂವತ್ತೊಂದು ವರ್ಷ ತುಳಿದಿದ್ದಾಳೆ. ನೀನು ಮಾತ್ರ ನನಗೆ ಬೇರೆ ಕಥೆ ಹೇಳುತ್ತಿದ್ದೆ. "ನಿಮ್ಮಪ್ಪ ಪರದೆಯೊಳಗೆ ನಡೆದುಕೊಂಡು ಹೋದರು ಕಣೇ, ನಾನೇ ನೋಡಿದೆ" ಅಂತ. ಚಿಕ್ಕವಳಾಗಿದ್ದಾಗ ಸಿನಿಮಾ ಟೆಂಟಿನಲ್ಲಿ ಪರದೆಯ ಹಿಂದೆ ಹೋಗಿ ಹುಡುಕಿದ್ದೇನೆ, ಗೊತ್ತಾ?

ಆ ಮಧ್ಯಾಹ್ನ ಅಪ್ಪ ಯಾವ ಚಿತ್ರ ನೋಡುತ್ತಿದ್ದರು? ಯಾಕೆ ಎದ್ದು ಹೋದರು? ಅವರು ಏನಾದರೂ ಹೇಳಿದ್ದರಾ? ನನಗೆ ಇಷ್ಟು ಬೇಕು. ಉಳಿದದ್ದಕ್ಕೆ ಬೇಕಾದರೆ ಕತ್ತಲೆಯನ್ನು ನೀನೇ ಹೆತ್ತೆ ಅಂತಲೂ ಬರೆಯುತ್ತೇನೆ.

ಸೊಸೆ


ಫೆಬ್ರವರಿ ೩

ಸೊಸೆಗೆ,

ಚಿಕ್ಕ ಮಗುವಿಗೆ ಹೇಳಿದ ಕಥೆಯನ್ನು ಇಷ್ಟು ದೊಡ್ಡವಳಾದ ಮೇಲೆ ಹಿಡಿದುಕೊಂಡು ಬಂದರೆ ಹೇಗೆ? ಚಂದ್ರನನ್ನು ತಂದುಕೊಡುತ್ತೇನೆ ಅಂತಲೂ ಹೇಳಿದ್ದೆ, ಅದಕ್ಕೂ ರಶೀದಿ ಕೇಳುತ್ತೀಯಾ?

ಭಾವ ಆವತ್ತು ಬಂದದ್ದು ದೀಪಸ್ತಂಭಕ್ಕೆ. ಮಧ್ಯಾಹ್ನದ ಆಟ. ಟಿಕೆಟ್ ಇರಲಿಲ್ಲ, ಬಾಗಿಲಲ್ಲಿ ಟಿಕೆಟ್ ಹರಿಯುವವನಿಗೆ ನಾನು ಸನ್ನೆ ಮಾಡಿ ಒಳಗೆ ಬಿಡಿಸಿದೆ. ಅವನನ್ನು ನಾವೆಲ್ಲ ಹರುಕ ಅಂತಲೇ ಕರೆಯುತ್ತಿದ್ದದ್ದು. ಕುದುರೆಯ ಪಂದ್ಯ ಕಟ್ಟಿದ್ದೂ ಅವನ ಹತ್ತಿರವೇ, ಒಂದಕ್ಕೆ ನಾಲ್ಕು. ಭಾವ ನಾಲ್ಕನೇ ಸಾಲಿನಲ್ಲಿ, ಕಂಬದ ಪಕ್ಕ ಕೂತರು. ಚಿತ್ರ ಅರ್ಧ ಆದ ಮೇಲೆ ಎದ್ದು ಹೋದರು. ಸಿನಿಮಾದಿಂದ ಜನ ಎದ್ದು ಹೋಗುತ್ತಾರಮ್ಮ. ಬಟ್ಟೆ ಒಗೆಯುವುದಕ್ಕೆ ಹಾಲ್ ಅರ್ಧ ಖಾಲಿಯಾಗಿತ್ತು, ಅವರೆಲ್ಲರ ಮನೆಯವರೂ ನನಗೆ ಕಾಗದ ಬರೆದರೆ ನಾನು ಅಂಚೆ ಇಲಾಖೆ ತೆರೆಯಬೇಕಾಗುತ್ತೆ.

ದೀಪಸ್ತಂಭವನ್ನು ಕೊನೆಗೆ ಹಾಕಿದ್ದು ಯಾಕೆ ಅಂದೆ. ಏನಿದೆ ಅದರಲ್ಲಿ? ಒಬ್ಬ ಮುದುಕ ದೀಪ ಹಚ್ಚುತ್ತಾನೆ, ಆರಿಸುತ್ತಾನೆ. ಆ ಹತ್ತೊಂಬತ್ತು ನಿಮಿಷದಲ್ಲಿ ಒಂದೇ ಒಂದು ಕೆಮ್ಮಿಲ್ಲ ನಿಜ. ಡೈರಿಯಲ್ಲಿ ಸೊನ್ನೆ ಅಂತ ಬರೆದಿದ್ದೇನೆ. ಆದರೆ ಅದು ಚೆನ್ನಾಗಿತ್ತು ಅಂತ ಅಲ್ಲ. ನಾನೂರು ಜನ ಉಸಿರು ಬಿಟ್ಟಿರಲಿಲ್ಲ, ಅದು ಬೇರೆ.

ನನ್ನ ಮಾತು ಕೇಳು. ಕಡತದಲ್ಲಿರುವುದನ್ನು ನೋಡಿ ಬರೆದುಬಿಡು. ಆ ಚಿತ್ರವನ್ನು ಓಡಿಸಿ ನೋಡಬೇಕಾಗಿಲ್ಲ. ಹಳೇ ಫಿಲ್ಮು, ಮೆಷೀನಿನ ಹಲ್ಲಿಗೆ ಸಿಕ್ಕಿ ಹರಿದುಹೋಗುತ್ತೆ.

ಪಂದ್ಯದ ದುಡ್ಡು ಎರಡು ಲಕ್ಷ ಅಂತ ಬರೆದಿದ್ದೆ, ಡೈರಿ ನೋಡಿದೆ, ಎಪ್ಪತ್ತು ಸಾವಿರ. ವಯಸ್ಸಾಯಿತು.

ಈ ಕಾಗದ ನಿಮ್ಮಮ್ಮನಿಗೆ ತೋರಿಸಬೇಡ.

ಮಾವ


ಫೆಬ್ರವರಿ ೨೬

ಮಾವ,

ಅಮ್ಮನಿಗೆ ತೋರಿಸಲಿಲ್ಲ. ಓದಿ ಹೇಳಿದೆ. ಮೊದಲನೆಯದನ್ನೂ ಓದಿ ಹೇಳಿದ್ದೆ. ಅವಳ ಕಣ್ಣು ಮಂಜಾಗಿ ಒಂದು ವರ್ಷ ಆಯಿತು, ಸೂಜಿಗೆ ದಾರ ಕೂಡ ನಾನೇ ಪೋಣಿಸುತ್ತೇನೆ. ನಿನ್ನ ಕಾಗದ ಬಂದರೆ ಮೆಷೀನು ನಿಲ್ಲಿಸಿ, ಕೈ ಮಡಿಲಲ್ಲಿಟ್ಟುಕೊಂಡು ಕೇಳುತ್ತಾಳೆ. ಎಪ್ಪತ್ತು ಸಾವಿರ ಅಂದಾಗ ನಕ್ಕಳು. "ಅವನು ಹೇಳೋ ದುಡ್ಡಿನಿಂದ ಸೊನ್ನೆಗಳನ್ನೆಲ್ಲ ಕಿತ್ತು ಹಾಕು, ಉಳಿದದ್ದು ನಿಜ" ಅಂದಳು. ಭಾವ ನಾಲ್ಕನೇ ಸಾಲಿನಲ್ಲಿ ಕೂತರು ಅನ್ನುವಲ್ಲಿ ಮಾತ್ರ, "ಇನ್ನೊಂದು ಸಲ ಓದು" ಅಂದಳು.

ನೀನು ಬೇಡ ಅಂದ ಮೇಲೆ ನೋಡದೆ ಇರುತ್ತೇನಾ? ನಮ್ಮಲ್ಲಿ ಹರಿದ ಫಿಲ್ಮು ಅಂಟಿಸುವ ಹಿರಿಯ ಹೆಂಗಸೊಬ್ಬರಿದ್ದಾರೆ, ಗೋಂದಮ್ಮ ಅಂತ ಕರೆಯುತ್ತೇವೆ. ಅವರ ಮೇಜಿನ ಮೇಲೆ, ಅಂಗೈಯಗಲದ ಪರದೆಯಲ್ಲಿ ಇಬ್ಬರೂ ದೀಪಸ್ತಂಭ ನೋಡಿದೆವು. ನಾಲ್ಕು ಡಬ್ಬಿ ತನಕ ಮುದುಕ, ದೀಪ, ಸಮುದ್ರ. ನಿಜ ಹೇಳಬೇಕೆಂದರೆ ಚಿತ್ರ ಚೆನ್ನಾಗಿದೆ, ನಾನು ಎರಡನೇ ಸ್ಥಾನ ಕೊಡುವವಳಿದ್ದೆ.

ಐದನೇ ಡಬ್ಬಿಯಲ್ಲಿ ಸಮುದ್ರ ಇಲ್ಲ. ಮುದುಕ ಇಲ್ಲ. ಒಂದು ಹಾಲ್. ಸಾಲು ಸಾಲು ಜನ ನಮ್ಮ ಕಡೆಗೆ ಮುಖ ಮಾಡಿ ಕೂತಿದ್ದಾರೆ. ಪರದೆ ಇರಬೇಕಾದ ಜಾಗದಲ್ಲಿ ಕ್ಯಾಮೆರಾ ಇಟ್ಟು ತೆಗೆದ ಹಾಗೆ. ಶಬ್ದ ಇಲ್ಲ. ಯಾರೂ ಅಲ್ಲಾಡುವುದಿಲ್ಲ. ಅವರು ನಮ್ಮನ್ನು ನೋಡುತ್ತಿದ್ದಾರೆ, ನಾವೇ ಅವರ ಸಿನಿಮಾ. ಗೋಂದಮ್ಮ ಸೆರಗು ಸರಿಮಾಡಿಕೊಂಡರು, ಪಾಪ, ಯಾರೋ ಎದುರಿಗೆ ಬಂದ ಹಾಗೆ.

ಕಂಬದ ಪಕ್ಕ, ನಾಲ್ಕನೇ ಸಾಲಿನಲ್ಲಿ, ಕೊಡೆ ಹಿಡಿದ ಒಬ್ಬರು. ಹನ್ನೊಂದನೇ ನಿಮಿಷಕ್ಕೆ ಎದ್ದರು. ಕೊಡೆಯನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿ ತೋಳಿಗೆ ನೇತುಹಾಕಿಕೊಂಡರು. ಮನೆಯಲ್ಲಿರುವುದು ಒಂದೇ ಫೋಟೋ, ಅದರಲ್ಲಿ ಅಪ್ಪ ನಿಂತಿರುವುದು ಹಾಗೆಯೇ. ಹಿಂದಿನ ಬಾಗಿಲು ತಳ್ಳಿ ಹೋದರು. ಗೋಂದಮ್ಮನ ಮೇಜಿನ ಎಣಿಕೆಯಲ್ಲಿ ಬಾಗಿಲು ಅಲ್ಲಾಡಿದ್ದು ಹನ್ನೊಂದು ನಿಮಿಷ ಇಪ್ಪತ್ತು ಸೆಕೆಂಡಿಗೆ.

ಇನ್ನೊಂದು ಸಲ ಹಾಕಿ ಅಂದೆ.

ಎರಡನೇ ಸಲ ಅವರು ಎದ್ದು, ಬಾಗಿಲ ತನಕ ಹೋಗಿ, ನಿಂತು, ತಲೆ ಎತ್ತಿ ಮೇಲೆ ನೋಡಿದರು. ಆಮೇಲೆ ಹೋದರು. ಬಾಗಿಲು ಅಲ್ಲಾಡಿದ್ದು ಹನ್ನೆರಡು ನಿಮಿಷ ಐದು ಸೆಕೆಂಡಿಗೆ.

ಗೋಂದಮ್ಮ ಮೆಷೀನು ಆರಿಸಿದರು. ಆಮೇಲೆ, "ನಲವತ್ತು ವರ್ಷ ಈ ಕೆಲಸ ಮಾಡಿದ್ದೇನೆ ಕಣಮ್ಮ. ಫಿಲ್ಮು ಹರಿಯುತ್ತೆ, ಸುಡುತ್ತೆ, ಮಾಸುತ್ತೆ. ಮನಸ್ಸು ಬದಲಾಯಿಸಲ್ಲ" ಅಂದರು.

ಇದು ಏನು, ಮಾವ?

ಸೊಸೆ


ಮಾರ್ಚ್ ೭

ಸೊಸೆಗೆ,

ಸರಿ, ಒಂದು ಒಪ್ಪಿಕೊಳ್ಳುತ್ತೇನೆ. ಆ ಡಬ್ಬಿ ದೀಪಸ್ತಂಭದ್ದಲ್ಲ. ಹಾಕಿದವನು ನಾನು.

ತಮಾಷೆಗೆ ಹಾಕಿದ್ದು. ಅಂದರೆ ಪೂರ್ತಿ ತಮಾಷೆಗಲ್ಲ. ನಾನು ಕುದುರೆಯ ಮೇಲೆ ಕಟ್ಟಿದ್ದೆ. ನಾಲ್ಕನೇ ದಿನದ ಹೊತ್ತಿಗೆ ಎಲ್ಲರ ಬಾಯಲ್ಲೂ ಒಂದೇ ಮಾತು, ದೀಪಸ್ತಂಭ ಬಂದರೆ ಕುದುರೆಗೆ ಕಷ್ಟ ಅಂತ. ಅದರ ನಿರ್ದೇಶಕ ಬಂದಿರಲಿಲ್ಲ, ಡಬ್ಬಿಗಳು ಮಾತ್ರ ಬಂದಿದ್ದವು, ಎಂಟು. ಕ್ಯಾಬಿನ್ನಿನ ಬಾಗಿಲು ಗಾಳಿಗೆ ಬಡಿದುಕೊಳ್ಳದ ಹಾಗೆ ಒಂದು ತುಕ್ಕು ಹಿಡಿದ ಡಬ್ಬಿ ಅಡ್ಡ ಇಟ್ಟಿರುತ್ತಿದ್ದೆವು. ನಾನು ಕೆಲಸಕ್ಕೆ ಸೇರುವ ಮುಂಚಿನಿಂದ, ಅಂದರೆ ಒಂಬತ್ತು ವರ್ಷಕ್ಕೂ ಹಿಂದಿನಿಂದ ಅಲ್ಲೇ ಇತ್ತು. ಮೇಲೆ ಚೀಟಿ ಇಲ್ಲ. ಒಳಗೆ ಯಾವುದೋ ಸಾಬೂನಿನ ಜಾಹೀರಾತು ಇರಬಹುದು ಅಂದುಕೊಂಡೆ. ಸಮುದ್ರದ ನಡುವೆ ಸಾಬೂನು ಬಂದರೆ ಜನ ಗೊಳ್ಳೆಂದು ನಗುತ್ತಾರೆ, ತೀರ್ಪುಗಾರರು ತಲೆ ಚಚ್ಚಿಕೊಳ್ಳುತ್ತಾರೆ, ಕುದುರೆ ಗೆಲ್ಲುತ್ತೆ. ಐದನೇ ಡಬ್ಬಿ ತೆಗೆದು ಪಕ್ಕಕ್ಕಿಟ್ಟೆ. ಬಾಗಿಲಿನ ಡಬ್ಬಿ ಬಿಚ್ಚಿ ಮೆಷೀನಿಗೆ ಏರಿಸಿದೆ. ನಾಲ್ಕನೆಯದರ ಕೊನೆಗೆ ಪರದೆಯ ಮೂಲೆಯಲ್ಲಿ ಮೆಷೀನು ಬದಲಾಯಿಸು ಅನ್ನುವ ಚುಕ್ಕಿ ಬಂತು, ಎರಡನೇ ಚುಕ್ಕಿ ಬಂತು, ಬದಲಾಯಿಸಿದೆ.

ಯಾರೂ ನಗಲಿಲ್ಲ.

ಕಿಂಡಿಯಿಂದ ನೋಡಿದೆ. ಪರದೆಯ ಮೇಲೆ ನಮ್ಮ ಹಾಲ್. ನಮ್ಮ ಕಂಬ. ಯಾವಾಗಲೋ ಯಾರೋ ತೆಗೆದಿರಬೇಕು ಅಂದುಕೊಂಡು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಆಮೇಲೆ ಆರನೇ ಸಾಲಿನ ಕೊನೆಯ ಸೀಟು ನೋಡಿದೆ. ಅದರ ಕೀಲು ಮುರಿದು ಯಾರೋ ಬಿದ್ದಿದ್ದರು ಅಂತ ನಾನು ನನ್ನ ಚೌಕಳಿ ಕರವಸ್ತ್ರ ಕಟ್ಟಿ ಮಡಚಿಟ್ಟಿದ್ದೆ. ಕಟ್ಟಿದ್ದು ಉತ್ಸವದ ಮೂರನೇ ದಿನ. ಪರದೆಯ ಮೇಲಿನ ಸೀಟಿಗೂ ಚೌಕಳಿ ಕರವಸ್ತ್ರ ಕಟ್ಟಿತ್ತು. ಒಂಬತ್ತು ವರ್ಷ ಬಾಗಿಲಿಗೆ ಅಡ್ಡ ಬಿದ್ದಿದ್ದ ಡಬ್ಬಿಯೊಳಗೆ ನನ್ನ ಮೊನ್ನೆಯ ಕರವಸ್ತ್ರ ಹೇಗೆ ಬಂತು, ನೀನೇ ಹೇಳು, ನೀನು ಓದಿದವಳು.

ಭಾವನದು ಕೇಳಿದೆಯಲ್ಲ. ಪರದೆಯ ಮೇಲೆ ಭಾವ ಎದ್ದರು. ಕೆಳಗೆ ಹಾಲಿನಲ್ಲಿ ಇನ್ನೂ ಕೂತಿದ್ದರು. ಪರದೆಯ ಮೇಲೆ ಬಾಗಿಲು ತಳ್ಳಿ ಹೊರಗೆ ಹೋದರು. ಕೆಳಗೆ ಇನ್ನೂ ಕೂತಿದ್ದರು. ಆಮೇಲೆ ಕೆಳಗೆ ಎದ್ದರು. ಕೊಡೆ ಎಡಗೈಯಿಂದ ಬಲಗೈಗೆ. ನಿನಗೆ ನಾನು ಹೇಳಿದ ಕಥೆ ಪೂರ್ತಿ ಸುಳ್ಳಲ್ಲ ಕಣೇ. ಅವರು ಪರದೆಯೊಳಗೆ ಹೋಗಲಿಲ್ಲ, ಪರದೆಯ ಮೇಲೆ ಹೋದ ತಮ್ಮದೇ ನೆರಳಿನ ಹಿಂದೆ ಹಿಂದೆ ಹೋದರು.

ತೀರ್ಪುಗಾರರು ಅದಕ್ಕೇ ಬಹುಮಾನ ಕೊಟ್ಟರು. ನನ್ನ ಕೈಯಾರೆ ನಾನೇ ಕುದುರೆಯ ಕಾಲು ಮುರಿದೆ. ಪ್ರಕಟಣೆ ಆದ ತಕ್ಷಣ ಡಬ್ಬಿಗಳಿಗೆ ಸೀಲು ಹಾಕಿ ತೆಗೆದುಕೊಂಡು ಹೋದರು, ವಾಪಸು ಬದಲಾಯಿಸುವುದಕ್ಕೆ ಆಗಲಿಲ್ಲ. ನಿಜವಾದ ಐದನೆಯದು ನನ್ನ ಮಂಚದ ಕೆಳಗಿದೆ.

ಕಳೆದುಕೊಂಡದ್ದು ಐದು ಸಾವಿರ. ಅಕ್ಕನಿಗೆ ಹೇಳು, ಸೊನ್ನೆಗಳನ್ನು ನಾನೇ ಕಿತ್ತಿದ್ದೇನೆ.

ಅದನ್ನು ಮತ್ತೆ ಓಡಿಸಬೇಡ. ನಿನ್ನ ಕಾಲಿಗೆ ಬೀಳುತ್ತೇನೆ ಅಂತ ಬರೆಯುತ್ತಿದ್ದೆ, ನೀನು ಚಿಕ್ಕವಳು, ಅಪಚಾರ. ಬೇಡ ಅಷ್ಟೇ.

ಮಾವ


ಏಪ್ರಿಲ್ ೧೧

ಮಾವ,

ಮಾರ್ಚಿನಲ್ಲಿ ನಾನು ಬರೆದ ಎರಡು ಕಾಗದಗಳಿಗೂ ನಿನ್ನ ಉತ್ತರ ಇಲ್ಲ. ಅಂಚೆಯವರನ್ನು ಕೇಳಿದೆ, ತಲುಪಿವೆಯಂತೆ. ಆದ್ದರಿಂದ ನೀನು ಓದಿದ್ದೀಯ ಅಂತ ತಿಳಿದುಕೊಂಡೇ ಬರೆಯುತ್ತಿದ್ದೇನೆ.

ಲೇಖನ ಮುಗಿಯಿತು, ಒಂದು ಜಾಗ ಬಿಟ್ಟು. ಉಪ್ಪಿನ ಗಣಿ ಮೊದಲು. ನಿನ್ನ ಕುದುರೆಗೆ ನಾಲ್ಕನೇ ಸ್ಥಾನ, ಬೇಜಾರು ಮಾಡಿಕೊಳ್ಳಬೇಡ, ಕೊನೆಯ ಅರ್ಧ ಗಂಟೆ ಅದು ನಿಜವಾಗಿಯೂ ಕುಂಟುತ್ತದೆ. ಬಟ್ಟೆ ಒಗೆಯುವ ಹೆಂಗಸಿಗೆ ಎರಡನೇ ಸ್ಥಾನ. ಅಮ್ಮನಿಗೆ ಅದರ ಕಥೆ ಹೇಳಿದೆ, "ಅವಳು ಯಾರ ಬಟ್ಟೆ ಒಗೀತಿದ್ದಳು ಅಂತ ಯಾರಾದರೂ ಕೇಳಿದರಾ?" ಅಂದಳು. ಯಾರೂ ಕೇಳಿರಲಿಲ್ಲ. ದೀಪಸ್ತಂಭಕ್ಕೆ ಜಾಗ ಖಾಲಿ ಬಿಟ್ಟಿದ್ದೇನೆ. ಅದರದ್ದಲ್ಲದ ಡಬ್ಬಿ ಹೊಟ್ಟೆಯಲ್ಲಿಟ್ಟುಕೊಂಡಿರುವ ಚಿತ್ರವನ್ನು ಎಲ್ಲಿ ನಿಲ್ಲಿಸಲಿ?

ಓಡಿಸಬೇಡ ಅಂದಿದ್ದೆ. ನಿನ್ನೆ ಓಡಿಸಿದೆವು. ಗೋಂದಮ್ಮ ಬರಲ್ಲ ಅಂದರು, ಆಮೇಲೆ ನನ್ನೊಬ್ಬಳನ್ನೇ ಬಿಡಲು ಮನಸ್ಸಾಗದೆ ಬಂದರು.

ಈ ಸಲ ಅಪ್ಪ ಹೋಗಲಿಲ್ಲ. ಎದ್ದರು, ಬಾಗಿಲ ತನಕ ಬಂದರು, ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಕೊಡೆ ತೋಳಿನಲ್ಲಿ. ನಿಂತೇ ಇದ್ದರು, ಫಿಲ್ಮು ಮುಗಿಯುವ ತನಕ. ಯಾರಾದರೂ ಬರುವವರಿದ್ದರೆ ಹಾಗೆ ನಿಲ್ಲುತ್ತಾರೆ. ಅವರು ಮತ್ತೆ ಮತ್ತೆ ಹಿಂದಕ್ಕೆ ತಿರುಗಿ ತಲೆ ಎತ್ತಿ ನೋಡುತ್ತಿದ್ದದ್ದು ಎಲ್ಲಿಗೆ ಅಂತ ಗೋಂದಮ್ಮ ಭೂತಗನ್ನಡಿ ಹಿಡಿದು ತೋರಿಸಿದರು. ಹಿಂಗೋಡೆಯ ಮೇಲೆ ಒಂದು ಸಣ್ಣ ಚೌಕ ಬೆಳಕು. ನಿನ್ನ ಕ್ಯಾಬಿನ್ನಿನ ಕಿಂಡಿ. ಅದರಲ್ಲಿ ಒಂದು ಮುಖ.

ನಿನ್ನದೇ ಮುಖ. ಆದರೆ ಮೂವತ್ತೊಂದು ವರ್ಷದ ಹಿಂದಿನದಲ್ಲ. ತಲೆಯಲ್ಲಿ ಕೂದಲಿಲ್ಲ. ಕನ್ನಡಕದ ಎಡಗಡೆ ಕಡ್ಡಿಗೆ ದಾರ ಸುತ್ತಿದೆ. ಹೋದ ವರ್ಷ ನಾನು ಬಂದಾಗ ನನ್ನ ಎದುರಿಗೇ ಕೂತು ನೀನು ಸುತ್ತಿದ ದಾರ.

ಅಮ್ಮನಿಗೆ ಹೇಳಿದೆ. ಹೇಳಬಾರದಿತ್ತೇನೋ. ಅವಳು ಅಳಲಿಲ್ಲ. "ನಾನು ನೋಡಬೇಕು" ಅಂದಳು. ಮೂವತ್ತೊಂದು ವರ್ಷದಿಂದ ಸಿನಿಮಾ ಹಾಲಿನ ಬೀದಿಯಲ್ಲೂ ನಡೆಯದವಳು. "ಅಮ್ಮ, ನಿನ್ನ ಕಣ್ಣಿಗೆ ಕಾಣಿಸಲ್ಲ" ಅಂದೆ. "ಓಡುವವರು ಕಾಣಲ್ಲ, ನಿಂತವರು ಕಾಣ್ತಾರೆ" ಅಂದಳು. ಗೋಂದಮ್ಮ ದೊಡ್ಡ ಪರದೆಯ ಕೋಣೆ ಕೇಳಿ ಇಟ್ಟಿದ್ದಾರೆ. ೨೪ನೇ ತಾರೀಖು, ಮಧ್ಯಾಹ್ನ ಎರಡು ಗಂಟೆಗೆ.

ನನ್ನದು ಒಂದೇ ಪ್ರಶ್ನೆ, ಮಾವ. ಅವರು ಯಾರಿಗಾಗಿ ಕಾಯುತ್ತಿದ್ದಾರೆ? ನಿನ್ನ ಕಡೆ ಯಾಕೆ ನೋಡುತ್ತಿದ್ದಾರೆ?

ಸೊಸೆ


ಏಪ್ರಿಲ್ ೧೬

ಅಕ್ಕಾ,

ಈ ಕಾಗದ ನಿನಗೆ. ಸೊಸೆ ಓದುತ್ತಾಳೆ, ನೀನು ಕೇಳು. ಮರಿ, ನಡುವೆ ನಿಲ್ಲಿಸಬೇಡ, ನಿಲ್ಲಿಸಿದರೆ ನಾನು ಇಲ್ಲಿ ನಿಂತುಹೋಗುತ್ತೇನೆ. ೨೪ಕ್ಕೆ ಮುಂಚೆ ತಲುಪಲಿ ಅಂತ ದುಡ್ಡು ಜಾಸ್ತಿ ಕೊಟ್ಟು ಕಳಿಸುತ್ತಿದ್ದೇನೆ.

ಭಾವ ಹೇಳದೆ ಹೋಗಲಿಲ್ಲ. ಹೇಳಿ ಹೋದರು. ನನಗೆ ಹೇಳಿ ಹೋದರು.

ಉತ್ಸವದ ನಾಲ್ಕನೇ ದಿನ ಕ್ಯಾಬಿನ್ನಿಗೆ ಬಂದರು. ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತಿದ್ದರು. ಅವರ ಮನೆಯವರ ಜೊತೆ ನಿನಗೆ ಜಗಳ ಆಗಿ ಎರಡು ತಿಂಗಳಾಗಿತ್ತಲ್ಲ, ನೀವಿಬ್ಬರೂ ಮಾತು ಬಿಟ್ಟಿದ್ದಿರಿ. "ನೋಡಪ್ಪಾ, ಅವಳ ಮುಂದೆ ನಿಂತರೆ ನನಗೆ ಮಾತು ಹೊರಡಲ್ಲ, ನೀನು ಬಾಯಿಬಡುಕ, ನೀನೇ ಹೇಳು" ಅಂದರು. ಬಂದರಿನ ಊರಿನಲ್ಲಿ ಗೋದಾಮಿನ ಕೆಲಸ ಸಿಕ್ಕಿದೆ, ಒಂದು ಕೋಣೆಯ ಮನೆಯನ್ನೂ ಕೊಡುತ್ತಾರೆ, ನಾಳೆ ಹೋಗುತ್ತೇನೆ, ಶನಿವಾರ ಬೆಳಗಿನ ಬಸ್ಸಿಗೆ ಅವಳು ಮಗುವನ್ನು ಕರೆದುಕೊಂಡು ಬರಲಿ, ಅಲ್ಲಿನ ಬಸ್ ನಿಲ್ದಾಣದ ಬಾಗಿಲಲ್ಲೇ ನಿಂತಿರುತ್ತೇನೆ. "ಬಂದರೆ ಬಂದಳು. ಬರದಿದ್ದರೆ ಅವಳಿಗೆ ಇಷ್ಟ ಇಲ್ಲ ಅಂತ ತಿಳಿದುಕೊಳ್ಳುತ್ತೇನೆ, ಮತ್ತೆ ಬರೆದು ಬಲವಂತ ಮಾಡಲ್ಲ." ಹಾಗಂದು ಒಂದು ಮಡಿಸಿದ ಕಾಗದದಲ್ಲಿ ಸುತ್ತಿ ಬಸ್ಸಿನ ದುಡ್ಡು ಕೊಟ್ಟರು. ನಿನ್ನ ಹತ್ತಿರ ಆಗ ಏನೂ ಇರಲಿಲ್ಲ ಅಂತ ಅವರಿಗೆ ಗೊತ್ತಿತ್ತು.

ಸಂಜೆ ಮನೆಗೆ ಬಂದು ಹೇಳಬೇಕು ಅಂತಲೇ ಇದ್ದೆ. ಹರುಕ ಕೆಳಗೆ ಕೂಗುತ್ತಿದ್ದ, ಕುದುರೆಗೆ ಒಂದಕ್ಕೆ ನಾಲ್ಕು, ಕೈಯಲ್ಲಿ ಕಾಸಿದ್ದವರು ಬನ್ನಿ ಅಂತ. ನಾಲ್ಕು ಪಟ್ಟು ಮಾಡಿ ಕೊಟ್ಟರೆ ಅಕ್ಕ ಹೊಸ ಊರಿಗೆ ಕೈ ತುಂಬ ತಗೊಂಡು ಹೋಗುತ್ತಾಳೆ, ನನಗೊಂದು ಕೈಗಡಿಯಾರ ಬರುತ್ತೆ ಅಂತ ಯೋಚನೆ ಮಾಡಿದೆ. ಇದಿಷ್ಟೂ ಯೋಚನೆ ಮಾಡಲು ನನಗೆ ಹಿಡಿದದ್ದು ಮೆಟ್ಟಿಲಿಳಿಯುವಷ್ಟು ಹೊತ್ತು. ಕಟ್ಟಿದೆ. ಮರುದಿನ ಅದನ್ನು ಉಳಿಸಿಕೊಳ್ಳುವುದಕ್ಕೇ ಡಬ್ಬಿ ಬದಲಾಯಿಸಿದ್ದು. ಭಾವ ಬಸ್ಸಿಗೆ ಇನ್ನೂ ಹೊತ್ತಿದೆ ಅಂತ ಒಳಗೆ ಬಂದು ಕೂತಿದ್ದರು. ಏಳುವಾಗ ಕಿಂಡಿಯ ಕಡೆ ನೋಡಿ ತಲೆ ಆಡಿಸಿದರು. ಹೇಳಿದೆಯಾ ಅಂತ ಕೇಳಿದ್ದು. ನಾನು ಹೂಂ ಅಂತ ತಲೆ ಆಡಿಸಿದೆ.

ಆರನೇ ದಿನ, ಶುಕ್ರವಾರ, ಬಹುಮಾನ ಹೇಳಿದರು. ಮಾತು ಮಾತ್ರ ಬಂದು ಹೇಳಬಹುದಿತ್ತು ಅಂತ ನೀನು ಕೇಳುತ್ತೀಯ. ಹೇಳಿದರೆ ಬಸ್ಸಿಗೆ ದುಡ್ಡೆಲ್ಲಿ ಅಂತ ನೀನು ಕೇಳುತ್ತಿದ್ದೆ. ದುಡ್ಡು ಹೊಂದಿಸಿಕೊಂಡು ಹೇಳೋಣ ಅಂದುಕೊಂಡೆ. ಶನಿವಾರ ಹೋಯಿತು. ಶನಿವಾರ ಹೋದ ಮೇಲೆ ಏನಂತ ಹೇಳಲಿ? ಅವತ್ತಿನಿಂದ ನಾನು ಬಾಯಿ ಮುಚ್ಚಿಲ್ಲ ಅಕ್ಕಾ. ಒಂದು ಮಾತು ಹೊರಗೆ ಬರಬಾರದು ಅಂತ ಲಕ್ಷ ಮಾತು ಆಡಿದ್ದೇನೆ.

ಎರಡು ವರ್ಷ ಆದ ಮೇಲೆ, ಮೆಷೀನಿನ ಬಿಡಿಭಾಗ ತರಲು ಹೋಗುತ್ತೇನೆ ಅಂತ ಸುಳ್ಳು ಹೇಳಿ ಬಂದರಿನ ಊರಿಗೆ ಹೋಗಿದ್ದೆ. ಗೋದಾಮಿನಲ್ಲಿ ಅವರು ಇರಲಿಲ್ಲ, ತಿಂಗಳೊಳಗೇ ಬಿಟ್ಟು ಹಡಗಿನ ಕೆಲಸಕ್ಕೆ ಹೋದರಂತೆ. ಬಸ್ ನಿಲ್ದಾಣದಲ್ಲಿ ಚಹಾ ಮಾರುವವನು, "ಕೊಡೆಯವರಾ? ಮೂರು ಶನಿವಾರ ಬಂದಿದ್ದರು. ಬೆಂಚು ಖಾಲಿ ಇದ್ದರೂ ಕೂರುತ್ತಿರಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ನಿಂತಿರುತ್ತಿದ್ದರು" ಅಂದ.

ಆ ನಿಲುವನ್ನು ನಾನು 'ಬಾಗಿಲಿಗೆ ಬೆನ್ನು ಕೊಟ್ಟು' ಅಂತ ಯಾರಿಗೂ, ಯಾವತ್ತೂ ಹೇಳಿಲ್ಲ. ನಿನ್ನ ಮಗಳು ಅದೇ ಮಾತನ್ನು ಬರೆದಾಗ ಕಾಗದವನ್ನು ಕೆಳಗಿಟ್ಟು ಒಂದು ಲೋಟ ನೀರು ಕುಡಿದೆ. ಆಮೇಲೆ ಕನ್ನಡಕ ತೆಗೆದು ದಾರ ಬಿಚ್ಚಿ ಎಸೆದೆ. ಈಗ ಒಂದು ಕೈಯಲ್ಲಿ ಕನ್ನಡಕ ಹಿಡಿದುಕೊಂಡು ಬರೆಯುತ್ತಿದ್ದೇನೆ.

ಇದರ ಜೊತೆ ಒಂದು ಪಾರ್ಸೆಲ್ ಇದೆ. ದೀಪಸ್ತಂಭದ ನಿಜವಾದ ಐದನೇ ಡಬ್ಬಿ. ಸೊಸೆ, ಅದನ್ನು ಅದರ ಜಾಗಕ್ಕೆ ಸೇರಿಸಿ ನೋಡಿ ಆಮೇಲೆ ಸ್ಥಾನ ಕೊಡು. ಆ ನಿರ್ದೇಶಕನಿಗೆ ಮೂವತ್ತೊಂದು ವರ್ಷದ ಹಿಂದೆ ಬಂದ ಬಹುಮಾನ ಅವನದಲ್ಲದ ತುಂಡಿಗೆ ಬಂದದ್ದು, ಪಾಪ. ಕುದುರೆಯನ್ನು ಒಂಬತ್ತನೆಯದಕ್ಕೆ ಹಾಕು. ಅದರ ತಪ್ಪಲ್ಲ, ಆದರೂ ಹಾಕು.

ಅಕ್ಕಾ, ೨೪ಕ್ಕೆ ನೀನು ಹೋಗು. ಬಾಗಿಲ ಹತ್ತಿರ ಅವರು ನಿಂತಿದ್ದರೆ ಚೆನ್ನಾಗಿ ನೋಡು, ಮಾತು ತಲುಪಿತು ಅಂತ ಹೇಳು. ಕಿಂಡಿಯ ಕಡೆ ನೋಡಬೇಡ. ಅಲ್ಲಿ ಇರುವವನಿಗೆ ಇಳಿದು ಬರುವ ಮುಖ ಇಲ್ಲ.

ನಿನ್ನ ತಮ್ಮ

ಸೊನ್ನೆ ಕಿತ್ತು ಹಾಕು ಅಂದೆಯಂತಲ್ಲ. ಎರಡು ಲಕ್ಷ ಅಲ್ಲ, ಎಪ್ಪತ್ತು ಸಾವಿರ ಅಲ್ಲ, ಐದು ಸಾವಿರವೂ ಅಲ್ಲ. ಐವತ್ತೊಂದು. ಮೂವತ್ತನಾಲ್ಕು ನಿನ್ನ ಟಿಕೆಟ್ಟಿಗೆ, ಹದಿನೇಳು ಮಗುವಿನ ಅರ್ಧ ಟಿಕೆಟ್ಟಿಗೆ.